ಹಬ್ಬದ ದಿನ ಒಬ್ಬರಿಗೊಂದು ಮೇಜು

ಕೇಳುಗರಿಗೆ ನಮಸ್ಕಾರ.

ಹಬ್ಬದ ದಿನ ವಯಸ್ಸಾದವರು ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದರೆ ನಮ್ಮ ಜನ ಕನಿಕರದಿಂದ ನೋಡುತ್ತಾರೆ. ‘ಪಾಪ, ಮನೆಯಲ್ಲಿ ಮಾಡಿ ಹಾಕುವವರು ಯಾರೂ ಇಲ್ಲವೇನೋ’ ಎಂದುಕೊಳ್ಳುತ್ತಾರೆ. ನಾನೂ ಹಾಗೆಯೇ ಯೋಚಿಸುತ್ತಾ ಬೆಳೆದವಳು. ಅಮೆರಿಕದಲ್ಲಿ ನಿವೃತ್ತರಿಗಾಗಿಯೇ ಕಟ್ಟಿದ ಊರೊಂದರ ಸಮೀಪ ಒಂದು ಚಳಿಗಾಲ ಕಳೆದ ಮೇಲೆ ಆ ಕನಿಕರ ನನಗೆ ಒಪ್ಪಿಗೆಯಾಗುತ್ತಿಲ್ಲ. ಹಬ್ಬವನ್ನು ಬಿಟ್ಟುಕೊಡಲು ಮನಸ್ಸಿಲ್ಲದವರೇ ಅಲ್ಲಿ ಹೋಟೆಲಿನ ಬಾಗಿಲಲ್ಲಿ ಸಾಲುಗಟ್ಟಿ ನಿಂತಿದ್ದರು. ಇಂದು ಅವರ ಬಗ್ಗೆ, ಅವರಿಗೆ ಸಿಗಬೇಕಾದ ಮೇಜಿನ ಬಗ್ಗೆ ಮಾತನಾಡುತ್ತೇನೆ.

ಆ ಊರಿನ ಹೆಸರು ‘ದಿ ವಿಲೇಜಸ್’. ಫ್ಲಾರಿಡಾ ರಾಜ್ಯದ ನಡುಭಾಗದಲ್ಲಿ, ಒರ್ಲಾಂಡೊ ನಗರದಿಂದ ವಾಯವ್ಯಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೆರಾಲ್ಡ್ ಶ್ವಾರ್ಟ್ಜ್ ಎಂಬ ವ್ಯಾಪಾರಿ ಅಲ್ಲಿ ಮೊದಲು ಸಾಗಿಸಬಹುದಾದ ಮನೆಗಳ ಸಣ್ಣ ಬಡಾವಣೆ ಮಾಡಿದ್ದ. 1980ರ ದಶಕದಲ್ಲಿ ಅವನ ಮಗ ಗ್ಯಾರಿ ಮೋರ್ಸ್ ಜೊತೆಗೂಡಿದ ಮೇಲೆ ಅದು ಬೆಳೆಯತೊಡಗಿತು. 2010ರಿಂದ 2020ರವರೆಗಿನ ಹತ್ತು ವರ್ಷಗಳಲ್ಲಿ ಅಮೆರಿಕದ ಬೇರಾವ ನಗರ ಪ್ರದೇಶವೂ ಇಷ್ಟು ವೇಗವಾಗಿ ಬೆಳೆಯಲಿಲ್ಲ. 2020ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 1,30,000 ಜನರಿದ್ದರು. ಮನೆಯಲ್ಲಿ ಒಬ್ಬರಿಗಾದರೂ 55 ತುಂಬಿರಬೇಕು ಎನ್ನುವುದು ಸಾಮಾನ್ಯ ನಿಯಮ. ಮೊಮ್ಮಕ್ಕಳು ಬರಬಹುದು, ಆದರೆ 19 ತುಂಬದವರು ಅಲ್ಲೇ ನೆಲೆಸುವಂತಿಲ್ಲ. ಜನ ಮಾರುಕಟ್ಟೆಗೆ, ವೈದ್ಯರ ಬಳಿಗೆ, ಊಟಕ್ಕೆ ಹೋಗುವುದೆಲ್ಲ ಗಾಲ್ಫ್ ಗಾಡಿಯಲ್ಲಿ. ಅದಕ್ಕೆಂದೇ ಪ್ರತ್ಯೇಕ ದಾರಿಗಳಿವೆ, ಹೆದ್ದಾರಿ ದಾಟಲು ಸೇತುವೆಯೂ ಇದೆ. ಸ್ಪ್ಯಾನಿಷ್ ಸ್ಪ್ರಿಂಗ್ಸ್, ಲೇಕ್ ಸಮ್ಟರ್ ಲ್ಯಾಂಡಿಂಗ್, ಬ್ರೌನ್‌ವುಡ್ ಎಂಬ ಚೌಕಗಳಲ್ಲಿ ಸಂಜೆ ಉಚಿತ ಸಂಗೀತ, ಕುಣಿತ. ಒಂಬತ್ತಕ್ಕೆ ಎಲ್ಲ ಮುಗಿಯುತ್ತದೆ. ರಾತ್ರಿ ಒಂಬತ್ತನ್ನು ಅಲ್ಲಿಯವರು ತಮ್ಮ ಊರಿನ ಮಧ್ಯರಾತ್ರಿ ಎನ್ನುತ್ತಾರೆ.

ಹೋಟೆಲುಗಳ ನೂಕುನುಗ್ಗಲಿಗೆ ಒಂದು ಕಾರಣ ಈ ಗಡಿಯಾರವೇ. ಬೇರೆ ಊರುಗಳಲ್ಲಿ ರಾತ್ರಿಯೂಟದ ಗ್ರಾಹಕರು ಆರರಿಂದ ಹತ್ತರವರೆಗೆ ಹರಡಿಕೊಂಡು ಬರುತ್ತಾರೆ. ಇಲ್ಲಿ ಹೆಚ್ಚಿನವರಿಗೆ ನಾಲ್ಕರಿಂದ ಆರರೊಳಗೆ ಊಟವಾಗಬೇಕು. ಬೇಗ ಬಂದವರಿಗೆ ಕಡಿಮೆ ಬೆಲೆಗೆ ಕೊಡುವ ‘ಅರ್ಲಿ ಬರ್ಡ್’ ಊಟ ಫ್ಲಾರಿಡಾದ ಹಳೆಯ ಪದ್ಧತಿ. ಕತ್ತಲಾದ ಮೇಲೆ ಗಾಡಿ ಓಡಿಸಲು ಹಲವರಿಗೆ ಕಣ್ಣು ಸಾಲದು, ಮಾತ್ರೆಯ ಹೊತ್ತೂ ನೋಡಬೇಕು. ಇದರ ಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಉತ್ತರದ ಚಳಿ ತಪ್ಪಿಸಿಕೊಂಡು ಬರುವ ‘ಸ್ನೋಬರ್ಡ್’ಗಳು ಸೇರುತ್ತಾರೆ. ಫೆಬ್ರುವರಿ 14ರ ಪ್ರೇಮಿಗಳ ದಿನ ಆ ದಿನಗಳ ನಡುವೆಯೇ ಬರುತ್ತದೆ. ಈಸ್ಟರ್ ಬೇಗ ಬಂದ ವರ್ಷ ಅದೂ ಅವರಿರುವಾಗಲೇ ಬರುತ್ತದೆ. ಮೇ ತಿಂಗಳ ಎರಡನೆಯ ಭಾನುವಾರದ ತಾಯಂದಿರ ದಿನದ ಗದ್ದಲವಂತೂ ಅಮೆರಿಕದ ಹೋಟೆಲಿನವರೆಲ್ಲರಿಗೂ ಗೊತ್ತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಥ್ಯಾಂಕ್ಸ್‌ಗಿವಿಂಗ್. ಅಧ್ಯಕ್ಷ ಲಿಂಕನ್ 1863ರಲ್ಲಿ, ಅಂತರ್ಯುದ್ಧದ ನಡುವೆ, ಇಡೀ ದೇಶ ಕೃತಜ್ಞತೆ ಸಲ್ಲಿಸುವ ದಿನವೆಂದು ಸಾರಿದ ಹಬ್ಬ ಅದು. ನವೆಂಬರಿನ ನಾಲ್ಕನೆಯ ಗುರುವಾರವೆಂದು 1941ರಲ್ಲಿ ಕಾನೂನು ಗೊತ್ತುಮಾಡಿತು. ಅಲ್ಲಿ ಪೂಜೆಯೆಂದರೂ ಊಟ, ಉತ್ಸವವೆಂದರೂ ಊಟ. ಹುರಿದ ಟರ್ಕಿ ಕೋಳಿ, ಬ್ರೆಡ್ಡು ಮತ್ತು ಸೊಪ್ಪಿನ ಎಲೆಗಳ ಸ್ಟಫಿಂಗ್, ಹಿಸುಕಿದ ಆಲೂಗೆಡ್ಡೆ, ಅದರ ಮೇಲೆ ಗ್ರೇವಿ, ಹುಳಿ ಸಿಹಿಯ ಕ್ರ್ಯಾನ್‌ಬೆರಿ ಸಾಸು, ಕೊನೆಗೆ ಕುಂಬಳಕಾಯಿಯ ಪೈ.

ಇದನ್ನು ಮನೆಯಲ್ಲಿ ಮಾಡುವುದೆಂದರೆ ಏನು ಎಂದು ಅಲ್ಲಿ ನೋಡಿದೆ. ಹೆಪ್ಪುಗಟ್ಟಿಸಿದ ಐದೂವರೆ ಕಿಲೋದ ಹಕ್ಕಿಯನ್ನು ತಂದರೆ ಅದರ ಮಂಜು ಕರಗಲು ಫ್ರಿಜ್ಜಿನಲ್ಲಿ ಮೂರು ದಿನ ಇಡಬೇಕು. ಆಮೇಲೆ ಮೂರು ಗಂಟೆಗಳ ಮಟ್ಟಿಗೆ ಒಲೆ. ಒಳಗಿನ ಮಾಂಸ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿತೇ ಎಂದು ಉಷ್ಣಮಾಪಕ ಚುಚ್ಚಿ ನೋಡಬೇಕು. ಕಾದ ತಟ್ಟೆಯ ಸಮೇತ ಆ ಭಾರವನ್ನು ಬಗ್ಗಿ ಹೊರಗೆಳೆಯಬೇಕು. ಸಂಧಿವಾತದ ಬೆರಳುಗಳಿಗೆ, ಬದಲಿ ಮಂಡಿ ಹಾಕಿಸಿಕೊಂಡ ಕಾಲುಗಳಿಗೆ ಇದು ಆಗುವ ಕೆಲಸವೇ? ಆದರೂ ಇಷ್ಟನ್ನೂ ನಲವತ್ತು ಐವತ್ತು ವರ್ಷ ಮಾಡಿದ ಹೆಂಗಸರೇ ಅಲ್ಲಿದ್ದಾರೆ. ಅವರು ‘ಈ ವರ್ಷ ನನಗೆ ಯಾರಾದರೂ ಬಡಿಸಲಿ’ ಎಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಹೊರಟರೆ ಅದರಲ್ಲಿ ಕನಿಕರಪಡುವುದೇನಿದೆ? ಗೌರಿಹಬ್ಬಕ್ಕೆ ಜೀವಮಾನವಿಡೀ ಹೋಳಿಗೆ ತಟ್ಟಿದ ನಮ್ಮ ಅಜ್ಜಿಯರಿಗೂ ಅಂಥ ಒಂದು ದಿನ ಸಿಕ್ಕಿದ್ದರೆ ಎಂದು ನನಗೆ ಎಷ್ಟೋ ಬಾರಿ ಅನಿಸಿದೆ.

ಹಾಗೆ ಹೊರಟವರು ಹೋಟೆಲಿನ ಬಾಗಿಲಿಗೆ ಬಂದಾಗ ಏನಾಗುತ್ತದೆ? ಅಂದು ಎಂದಿನ ಮೆನು ಇರುವುದಿಲ್ಲ. ತಲೆಗಿಷ್ಟು ಎಂದು ಒಂದೇ ದರ. ಹನ್ನೊಂದೂವರೆಗೆ ಒಂದು ಪಂಕ್ತಿ, ಒಂದೂವರೆಗೆ ಒಂದು, ಮೂರೂವರೆಗೆ ಇನ್ನೊಂದು. ವಾರಗಳ ಮೊದಲೇ ಮೇಜು ಕಾದಿರಿಸಿದ ದೊಡ್ಡ ಕುಟುಂಬಗಳು ಮುಂದೆ ಸಾಗುತ್ತವೆ. ಉಳಿದವರ ಕೈಗೆ ಸರದಿ ಬಂದಾಗ ಗುಂಯ್‌ಗುಡುವ ಪುಟ್ಟ ಯಂತ್ರ ಕೊಟ್ಟು ಹೊರಗಿನ ಬೆಂಚಿನಲ್ಲಿ ಕಾಯಿರಿ ಎನ್ನುತ್ತಾರೆ. ಅಲ್ಲಿ ಕಾಯುವ ಹೊತ್ತು ಸುಖವಾಗಿಯೇ ಇರುತ್ತದೆ. ಓಹಾಯೊದವರು ಮಿಷಿಗನ್ನಿನವರನ್ನು ಊರು ಕೇರಿ ವಿಚಾರಿಸುತ್ತಾರೆ, ಮೊಮ್ಮಕ್ಕಳ ಚಿತ್ರಗಳು ಕೈಯಿಂದ ಕೈಗೆ ದಾಟುತ್ತವೆ.

ಒಂಟಿಯಾಗಿ ಬಂದವರ ಪಾಡು ಮಾತ್ರ ಬೇರೆ. ನಾಲ್ಕು ಕುರ್ಚಿಯ ಮೇಜಿನಲ್ಲಿ ಒಬ್ಬರು ಕುಳಿತರೆ ಮಾಲೀಕನ ಲೆಕ್ಕದಲ್ಲಿ ಮೂರು ಊಟ ನಷ್ಟ. ಆದ್ದರಿಂದ ‘ಒಬ್ಬರೇ ತಾನೇ, ಬಾರ್ ಕಟ್ಟೆಯ ಹತ್ತಿರ ಈಗಲೇ ಜಾಗವಿದೆ’ ಎನ್ನುತ್ತಾರೆ. ಆ ಕಟ್ಟೆಯ ಎತ್ತರದ ಸ್ಟೂಲನ್ನು ನೋಡಿದ್ದೀರಾ? ಬೆನ್ನಿಗೆ ಆಸರೆಯಿಲ್ಲ, ಕಾಲು ನೆಲ ಮುಟ್ಟುವುದಿಲ್ಲ. ಎಪ್ಪತ್ತೆಂಟರ ಹೆಂಗಸು ಕೋಲು ಗೋಡೆಗೆ ಒರಗಿಸಿ ಅದರ ಮೇಲೆ ಹತ್ತುವುದು ಹೇಗೆ? ನಾನು ನೋಡುತ್ತಿದ್ದಂತೆ ಒಬ್ಬರು ಸ್ಟೂಲನ್ನೊಮ್ಮೆ ನೋಡಿ, ಹುಡುಗಿಗೆ ಧನ್ಯವಾದ ಹೇಳಿ, ಹಿಂದಿರುಗಿ ಗಾಡಿಯ ಕಡೆ ನಡೆದರು. ಗಂಡ ಹೋದ ಮೇಲೆ ಅದು ಅವರ ಮೊದಲ ಹಬ್ಬವೋ ಹತ್ತನೆಯದೋ ನನಗೆ ತಿಳಿಯದು. ನನಗೆ ಸಿಟ್ಟು ಬಂತು, ಈಗಲೂ ಇದೆ. ಅರ್ಧಕ್ಕರ್ಧಕ್ಕಿಂತ ಹೆಚ್ಚು ಜನ 65 ದಾಟಿದವರಿರುವ ಕೌಂಟಿಯಲ್ಲಿ, ಎಂದರೆ ನಮ್ಮ ಜಿಲ್ಲೆಯಂಥದರಲ್ಲಿ, ಹೋಟೆಲು ಇಟ್ಟವರು ಒಂಟಿಯಾದವರು ಬಂದೇ ಬರುತ್ತಾರೆಂದು ತಿಳಿದಿರಬೇಕು. ಎತ್ತರ ತಗ್ಗಿದ, ಬೆನ್ನಿರುವ ಕುರ್ಚಿಗಳ ಎರಡು ಮೂರು ಸಣ್ಣ ಮೇಜುಗಳನ್ನು ಅಂದು ಅವರಿಗೆಂದೇ ಉಳಿಸಬೇಕು. ಇದು ದಯೆಯ ಮಾತಲ್ಲ. ವರ್ಷದ ಉಳಿದ ದಿನಗಳಲ್ಲಿ ಆ ಹೋಟೆಲನ್ನು ನಡೆಸುತ್ತಿರುವವರೇ ಈ ಗ್ರಾಹಕರು.

ಒಂದು ಕಡೆ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಒಳಗಡೆ ಕಿಟಕಿಯ ಪಕ್ಕ ಉದ್ದನೆಯ ಮೇಜು ಹಾಕಿ, ಒಬ್ಬೊಬ್ಬರೇ ಬಂದವರಿಗೆ ‘ಬೇಕಿದ್ದರೆ ಇಲ್ಲಿ ಕೂರಬಹುದು’ ಎಂದು ಕೇಳುತ್ತಿದ್ದರು. ಬೇಕಿದ್ದರೆ ಎನ್ನುವುದು ಮುಖ್ಯ, ಏಕೆಂದರೆ ಮೌನವಾಗಿ ಉಣ್ಣಲು ಬಯಸುವವರೂ ಇದ್ದಾರೆ. ಅಂದು ಆ ಉದ್ದ ಮೇಜಿನಲ್ಲಿ ಎದ್ದಷ್ಟು ನಗು ಬೇರೆಲ್ಲೂ ಏಳಲಿಲ್ಲ.

ಗದ್ದಲದ ದಿನ ಮನೆಯವರು ಗಮನಿಸಬೇಕಾದ ಸಂಗತಿಗಳೂ ಇವೆ. ಮೊದಲನೆಯದು ಇನ್ಸುಲಿನ್. ಊಟಕ್ಕೆ ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳುವ ಬೇಗ ಕೆಲಸ ಮಾಡುವ ಇನ್ಸುಲಿನ್ನನ್ನು ಮನೆಯಲ್ಲೇ ಚುಚ್ಚಿಕೊಂಡು ಹೊರಟು, ಹೋಟೆಲಿನ ಬೆಂಚಿನಲ್ಲಿ ಒಂದು ಗಂಟೆ ಕಾದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಗೊಂದಲ, ಕೆಲವೊಮ್ಮೆ ಪ್ರಜ್ಞೆ ತಪ್ಪುವವರೆಗೆ. ಹಬ್ಬದ ದಿನ ಊಟ ಕಣ್ಣೆದುರು ಬರುವ ಹೊತ್ತಿಗೆ ಹೇಗೆ ಹೊಂದಿಸಿಕೊಳ್ಳಬೇಕೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಕೈಚೀಲದಲ್ಲಿ ಸಕ್ಕರೆಯೋ ಹಣ್ಣಿನ ರಸವೋ ಇರಲಿ.

ಇನ್ನೊಂದು ಕಿವಿ. ವಯಸ್ಸಾದಂತೆ ಮೊದಲು ಕೈಕೊಡುವುದು ಎತ್ತರದ ಸ್ವರಗಳು. ‘ಸ’, ‘ಶ’, ‘ತ’, ‘ಪ’ ಇಂಥ ಸದ್ದುಗಳು ಗದ್ದಲದಲ್ಲಿ ಒಂದಕ್ಕೊಂದು ಕಲೆತುಹೋಗುತ್ತವೆ. ಶ್ರವಣಯಂತ್ರವಿದ್ದರೂ ತಟ್ಟೆ ಚಮಚಗಳ ಸದ್ದನ್ನೂ ಅದು ದೊಡ್ಡದು ಮಾಡಿ ಕೇಳಿಸಬಹುದು. ಆಗ ಹಿರಿಯರು ಕೇಳಿಸಿದವರಂತೆ ಸುಮ್ಮನೆ ತಲೆಯಾಡಿಸುತ್ತಾರೆ, ಮಾತಿನಿಂದ ಹಿಂದೆ ಸರಿಯುತ್ತಾರೆ. ಅಡುಗೆಮನೆಯ ಬಾಗಿಲಿನಿಂದ ದೂರದ, ಬೆನ್ನಿಗೆ ಗೋಡೆಯಿರುವ ಮೂಲೆ ಕೇಳಿ ಪಡೆದರೆ ಅವರು ಮತ್ತೆ ಮಾತಿಗೆ ಬರುತ್ತಾರೆ.

ಬಡಿಸುವವರ ವಿಷಯ ಹೇಳದೆ ಈ ಭಾಷಣ ಮುಗಿಸಲಾರೆ. ಅವರಲ್ಲಿ ಬಹುಪಾಲು ಯುವಜನರು. ಈ ಊರು ಅವರು ವಾಸಿಸುವ ಊರಲ್ಲ. ವೈಲ್ಡ್‌ವುಡ್, ಲೀಸ್‌ಬರ್ಗ್, ಒಕಾಲಾ ಮುಂತಾದ ಕಡೆಗಳಿಂದ ತಮ್ಮ ಮಕ್ಕಳ ಹಬ್ಬದೂಟ ಬಿಟ್ಟು ಬಂದಿರುತ್ತಾರೆ. ಹಬ್ಬದ ದಿನ ದುಡಿದುದಕ್ಕೆ ಹೆಚ್ಚು ಕೂಲಿ ಕೊಡಿ ಎಂದು ಅಮೆರಿಕದ ಒಕ್ಕೂಟ ಕಾನೂನು ಖಾಸಗಿ ಮಾಲೀಕರಿಗೆ ಹೇಳುವುದಿಲ್ಲ. ಫ್ಲಾರಿಡಾದ ಮತದಾರರು 2020ರಲ್ಲಿ ಕನಿಷ್ಠ ಕೂಲಿಯನ್ನು ಹಂತಹಂತವಾಗಿ ಏರಿಸಿ 2026ರ ಸೆಪ್ಟೆಂಬರ್ 30ಕ್ಕೆ ಗಂಟೆಗೆ 15 ಡಾಲರ್ ಮಾಡಬೇಕೆಂದು ತೀರ್ಮಾನಿಸಿದರು. ಆದರೆ ಟಿಪ್ಸ್ ಪಡೆಯುವವರಿಗೆ ಮಾಲೀಕ ಅದಕ್ಕಿಂತ 3 ಡಾಲರ್ 2 ಸೆಂಟ್ ಕಡಿಮೆ ಕೊಡಬಹುದು. ಉಳಿದುದು ಗ್ರಾಹಕನ ಕೈಯಿಂದ ಬರಬೇಕು. ಅಲ್ಲಿಗೆ ಹೋಗುವ ನಮ್ಮ ತಂದೆತಾಯಂದಿರು ಟಿಪ್ಸ್ ಎಂದರೆ ಹೆಚ್ಚುವರಿ ಉದಾರತೆ ಎಂದುಕೊಂಡು ಮಕ್ಕಳ ಕೈ ತಡೆಯುವುದುಂಟು. ದಯವಿಟ್ಟು ತಡೆಯಬೇಡಿ, ಅದು ಆ ಹುಡುಗಿಯ ಸಂಬಳದ ಭಾಗ. ದೊಡ್ಡ ಗುಂಪಿಗೆ ಟಿಪ್ಸನ್ನು ಹೋಟೆಲಿನವರೇ ಬಿಲ್ಲಿಗೆ ಸೇರಿಸಿರಬಹುದು. ಸೇರಿಸಿದ್ದರೆ ಮೆನುವಿನಲ್ಲೂ ಬಿಲ್ಲಿನಲ್ಲೂ ತಿಳಿಸಬೇಕೆಂದು ಆ ರಾಜ್ಯದ ಕಾನೂನಿದೆ. ಓದಿ ನೋಡಿ ಕೊಡಿ.

ದಿ ವಿಲೇಜಸ್‌ಗೆ ಅನತಿ ದೂರದಲ್ಲಿ, ಟವಾರೆಸ್ ಎಂಬ ಪಟ್ಟಣದಲ್ಲಿ, ಭಾರತದಿಂದ ಹೋದವರಿಗಾಗಿ ಕಟ್ಟಿದ ‘ಶಾಂತಿನಿಕೇತನ್’ ಎಂಬ ನಿವೃತ್ತರ ಬಡಾವಣೆಯಿದೆ. ಅಲ್ಲಿ ಭಾರತದ ಅಡುಗೆ ಬಡಿಸುವ ಸಾಮೂಹಿಕ ಊಟದ ಮನೆಯಿದೆ. ಬೆಂಗಳೂರಿನ ಸುತ್ತಮುತ್ತಲೂ ಹಿರಿಯರ ಬಡಾವಣೆಗಳು ಎದ್ದಿವೆ, ಅಲ್ಲೂ ಊಟ ಒಟ್ಟಿಗೇ. ಒಟ್ಟಿಗೆ ಉಣ್ಣುವುದು ಒಳ್ಳೆಯದೇ. ಆದರೂ ವರ್ಷದ ಕೆಲವು ದಿನಗಳಲ್ಲಿ ಒಳ್ಳೆಯ ಬಟ್ಟೆ ತೊಟ್ಟು ಹೊರಗೆ ಹೋಗಿ, ಬೇಕಾದುದನ್ನು ಹೇಳಿ ತರಿಸಿಕೊಂಡು, ನಾಲ್ಕು ಜನರ ನಡುವೆ ಕುಳಿತು ಉಣ್ಣುವ ಆಸೆ ಎಂಬತ್ತರಲ್ಲೂ ಆರುವುದಿಲ್ಲ.

ಬರುವ ಯುಗಾದಿಗೋ ದೀಪಾವಳಿಗೋ ನಿಮ್ಮ ಹೋಟೆಲಿನಲ್ಲಿ ಹಬ್ಬದೂಟ ಇಡುವವರಿದ್ದರೆ ನನ್ನದೊಂದು ಕೇಳಿಕೆ. ಅಂದು ಒಬ್ಬರೇ ಬರುವ ಹಿರಿಯರಿಗೆ ನೆಲಕ್ಕೆ ಕಾಲು ಊರುವಂಥ ಕುರ್ಚಿ, ಬಾಗಿಲಿನಿಂದ ದೂರದ ಮೇಜು ಉಳಿಸಿ. ಪಾಯಸ ಮುಗಿದ ಮೇಲೂ ಅವರು ಸ್ವಲ್ಪ ಹೊತ್ತು ಕುಳಿತಿದ್ದರೆ ಬಿಲ್ಲನ್ನು ಕೇಳಿದಾಗ ಮಾತ್ರ ತನ್ನಿ. ನಮಸ್ಕಾರ.