ವಾಪಸ್ ಬರಲು ಎಷ್ಟು ಹೊತ್ತು?

ಎಲ್ಲರಿಗೂ ನಮಸ್ಕಾರ. ರಾಷ್ಟ್ರೀಯ ಬಾಹ್ಯಾಕಾಶ ದಿನಕ್ಕೆ ಒಬ್ಬ ಡಾಕ್ಟರನ್ನೂ ಕರೆದಿದ್ದೀರಿ, ತುಂಬಾ ಖುಷಿಯಾಯಿತು. ರಾಕೆಟ್ ಬಗ್ಗೆ ಬೆಳಿಗ್ಗೆಯಿಂದ ಕೇಳಿದ್ದೀರಿ. ನಾನು ಅದರ ತುದಿಯಲ್ಲಿ ಕೂತವರ ಮೈ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಾನು ಬಹಳ ವರ್ಷ ಮಲೆನಾಡಿನಲ್ಲಿ ಕೆಲಸ ಮಾಡಿದವನು. ರೋಗಿ ಬಂದರೆ ಮೊದಲ ಪ್ರಶ್ನೆ, ಏನಾಗಿದೆ? ಎರಡನೆಯದು, ಎಲ್ಲಿಂದ ಬಂದಿರಿ? ಮಳೆಗಾಲದಲ್ಲಿ ಹೊಳೆ ಈಚೆಯವರಿಗೆ ಹೊಟ್ಟೆನೋವು ಅಂದರೆ ‘ನಾಳೆ ಬಂದು ತೋರಿಸಿ’ ಅನ್ನುತ್ತಿದ್ದೆ. ಅದೇ ನೋವಿಗೆ ಆಚೆಯವರನ್ನು ಅವತ್ತು ರಾತ್ರಿ ಅಲ್ಲೇ ಮಲಗಿಸಿಕೊಳ್ಳುತ್ತಿದ್ದೆ. ಬೆಳಗಾಗುವಷ್ಟರಲ್ಲಿ ಸೇತುವೆ ಮುಳುಗಿದರೆ ಏನು ಮಾಡೋದು?

ನಾಸಾದವರೂ ಇದೇ ಲೆಕ್ಕ ಹಾಕುತ್ತಾರೆ. ಒಂದು ತೊಂದರೆ ಬರುವ ಸಾಧ್ಯತೆ ಎಷ್ಟು, ಬಂದರೆ ಏನಾಗುತ್ತದೆ, ಎರಡನ್ನೂ ಸೇರಿಸಿ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತಾರೆ. ಕಣ್ಣು, ಮೂಳೆ, ಮನಸ್ಸು, ವಿಕಿರಣ ಹೀಗೆ ಸುಮಾರು 30 ಅಪಾಯಗಳ ಪಟ್ಟಿ ಇದೆ. ಪ್ರತಿಯೊಂದಕ್ಕೂ ಬಾಹ್ಯಾಕಾಶ ನಿಲ್ದಾಣಕ್ಕೆ ಬೇರೆ ಲೆಕ್ಕ, ಚಂದ್ರನಿಗೆ ಬೇರೆ, ಮಂಗಳಕ್ಕೆ ಬೇರೆ. ಕಾಯಿಲೆ ಅದೇ, ಮೈ ಅದೇ. ಬಣ್ಣ ಬದಲಾಗೋದು ಹೊಳೆ ಎಷ್ಟು ಅಗಲ ಅನ್ನುವುದರಿಂದ.

ನನಗೆ ತುಂಬಾ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. ನಿಲ್ದಾಣದಲ್ಲಿ 11 ಗಗನಯಾತ್ರಿಗಳ ಕತ್ತಿನ ರಕ್ತನಾಳ ಪರೀಕ್ಷಿಸುವ ಅಧ್ಯಯನ ನಡೆದಿತ್ತು. ತೂಕವಿಲ್ಲದ ಜಾಗದಲ್ಲಿ ತಲೆಯ ರಕ್ತ ಕೆಳಗಿಳಿಯಲು ಸೆಳೆತ ಇರೋದಿಲ್ಲ ಅಲ್ವಾ? ಆರು ಜನರಲ್ಲಿ ರಕ್ತ ಒಂದೋ ನಿಂತಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಿಗೆ ಎಡಗಡೆ ರಕ್ತ ಹೆಪ್ಪುಗಟ್ಟಿತ್ತು. ಹೊರಟು ಎರಡು ತಿಂಗಳಾಗಿತ್ತು. ನೋವಿಲ್ಲ, ಏನೂ ಇಲ್ಲ. ಸುಮ್ನೆ ಸಂಶೋಧನೆಗೆಂದು ಸ್ಕ್ಯಾನ್ ಮಾಡಿದಾಗ ಕಂಡಿದ್ದು.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಟೀಫನ್ ಮೋಲ್ ಅಂತ ಇದರ ತಜ್ಞರಿದ್ದಾರೆ. ನಾಸಾ ಅವರನ್ನು ಕೇಳಿತು. ಒಂದು ದಿನ ಅವರ ಮನೆಗೆ ಫೋನ್ ಬಂತು. ಹೆಂಡತಿ ಎತ್ತಿ, ‘ನಿಮಗೆ ಬಾಹ್ಯಾಕಾಶದಿಂದ ಫೋನ್’ ಅಂತ ಕೊಟ್ಟರಂತೆ! ರಾತ್ರಿ ಎರಡು ಗಂಟೆಗೆ ಫೋನ್ ಬರುವ ಡಾಕ್ಟರುಗಳು ಇಲ್ಲಿ ಬಹಳ ಜನ ಇದ್ದೀರಿ. ಇಂಥ ಫೋನ್ ಯಾರಿಗೂ ಬಂದಿರಲಿಕ್ಕಿಲ್ಲ.

ಈಗ ಔಷಧಿ ಪೆಟ್ಟಿಗೆ ತೆಗೆಯಿರಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಇದೆ, ಆದರೆ ಸ್ವಲ್ಪವೇ. ಸಿರಿಂಜೂ ಎಣಿಸಿ ಇಟ್ಟಷ್ಟೇ. ಸೀಸೆಯಿಂದ ಔಷಧಿ ಎಳೆಯುವುದೂ ಕಷ್ಟ, ತೂಕವಿಲ್ಲದ ದ್ರವ ತಳದಲ್ಲಿ ನಿಲ್ಲುವುದಿಲ್ಲ. ರಕ್ತಸ್ರಾವ ಆದರೆ ಔಷಧಿಯ ಪರಿಣಾಮ ತೆಗೆಯುವ ಮದ್ದು ಪೆಟ್ಟಿಗೆಯಲ್ಲೇ ಇಲ್ಲ. ಕೊಟ್ಟರೂ ಅಪಾಯ, ಕೊಡದಿದ್ದರೂ ಅಪಾಯ. ಕೊಟ್ಟರು. ಪ್ರಮಾಣ ಇಳಿಸಿ, ಇದ್ದಷ್ಟನ್ನೇ ಎಳೆದಾಡಿದರು. ಸರಕು ನೌಕೆ ಮಾತ್ರೆ ತಂದ ಮೇಲೆ ಇಂಜೆಕ್ಷನ್ ನಿಲ್ಲಿಸಿದರು. ಗಗನಯಾತ್ರಿ ತಾವೇ ಕತ್ತಿಗೆ ಸ್ಕ್ಯಾನ್ ಹಿಡಿದುಕೊಂಡರು, ಕೆಳಗಿನಿಂದ ಡಾಕ್ಟರು ನೋಡಿ ಹೇಳಿದರು. ಚೆನ್ನಾಗಿಯೇ ವಾಪಸ್ ಬಂದರು. 2020ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು, ಹೆಸರು ಹೇಳದೆ.

ಆ ನಿಲ್ದಾಣ ಎಷ್ಟು ದೂರ ಗೊತ್ತಾ? ಸುಮಾರು 400 ಕಿ.ಮೀ. ಈ ಧಾರವಾಡದಿಂದ ಬೆಂಗಳೂರಿಗೆ ಇರುವುದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕೇ ಮಾತ್ರೆ ಕಳಿಸಲು ಆಯಿತು. ಮಂಗಳ ಹತ್ತಿರ ಬಂದಾಗಲೂ ಐದೂವರೆ ಕೋಟಿ ಕಿ.ಮೀ. ದೂರ. ದೂರ ಸರಿದಾಗ ‘ಹಲೋ’ ಅನ್ನುವ ಮಾತು ತಲುಪಲು 20 ನಿಮಿಷ, ಉತ್ತರಕ್ಕೆ ಇನ್ನೊಂದು 20. ಸರಕು ನೌಕೆ ಹಿಂದೆಯೇ ಓಡಿ ಬರುವುದಿಲ್ಲ. ಅರ್ಧ ದಾರಿಯಲ್ಲಿ ತಿರುಗಿ ಬನ್ನಿ ಅನ್ನಲೂ ಆಗುವುದಿಲ್ಲ.

ವಿಕಿರಣದ ವಿಷಯಕ್ಕೆ ಬರುತ್ತೇನೆ. ನಾಸಾದ ಕ್ಯೂರಿಯಾಸಿಟಿ ರೋವರ್ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅಳೆಯಿತು: ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್, ಅಂದರೆ ಮೈಗೆ ತಗಲುವ ವಿಕಿರಣದ ಅಳತೆ. ಹೋಗಿಬರಲು 360 ದಿನ ಹಿಡಿಯಿರಿ. ಸುಮಾರು 650 ಆಯಿತಾ? ನಾಸಾ ಒಬ್ಬರ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600. ಬರೀ ದಾರಿಯಲ್ಲೇ ಮಿತಿ ದಾಟಿತು, ಮಂಗಳದಲ್ಲಿ ಉಳಿಯುವ ದಿನಗಳನ್ನು ಇನ್ನೂ ಸೇರಿಸಿಲ್ಲ.

ಸಂಚಾಲಕರು ಗಡಿಯಾರ ತೋರಿಸುತ್ತಿದ್ದಾರೆ. ಮೂಳೆ, ಕಣ್ಣು, ಒಂಟಿತನ ಅಂತ ಮೂರು ಹಾಳೆ ಬರೆದುಕೊಂಡು ಬಂದಿದ್ದೆ. ಮೂಳೆಗೆ ಒಂದೇ ಮಾತು: ವ್ಯಾಯಾಮ ಬಿಟ್ಟರೆ ಸೊಂಟದ ಮೂಳೆ ತಿಂಗಳಿಗೆ ಶೇಕಡ 1ಕ್ಕಿಂತ ಜಾಸ್ತಿ ಸವೆಯಬಹುದು. ಅದಕ್ಕೇ ಅಲ್ಲಿ ದಿನಕ್ಕೆ ಎರಡು ಗಂಟೆ ಕಸರತ್ತು. ಕಣ್ಣು, ಒಂಟಿತನ ಇನ್ನೊಮ್ಮೆ.

ನಾನು ಇವತ್ತು ಬಂದಿದ್ದು ಇದನ್ನು ಹೇಳುವುದಕ್ಕೆ. 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ನಮ್ಮವರು ಅಂತ ದೇಶ ಗುರಿ ಇಟ್ಟುಕೊಂಡಿದೆ. ಗಗನಯಾನಕ್ಕೆ ನಾಲ್ವರು ಪೈಲಟ್‌ಗಳನ್ನು ಪರೀಕ್ಷಿಸಿ ಆರಿಸಿದ್ದು ಬೆಂಗಳೂರಿನ ವಾಯುಪಡೆಯ ವೈದ್ಯಕೀಯ ಸಂಸ್ಥೆ. ಹೋಗುವವರನ್ನು ಪರೀಕ್ಷಿಸುವ ಡಾಕ್ಟರು ನಮ್ಮಲ್ಲಿದ್ದಾರೆ. ಜೊತೆಗೆ ಹೋಗುವ ಡಾಕ್ಟರು ಬೇಕು. ಒಂದೇ ಸಲಕ್ಕೆ 437 ದಿನ ಮೀರ್ ನಿಲ್ದಾಣದಲ್ಲಿ ಇದ್ದ ರಷ್ಯಾದ ವಲೇರಿ ಪೋಲ್ಯಕೋವ್ ಯಾರು? ಡಾಕ್ಟರು! 1995ರ ಮಾರ್ಚಿನಲ್ಲಿ ಇಳಿದಾಗ ಎದ್ದು ಕುರ್ಚಿಯವರೆಗೆ ತಾವೇ ನಡೆದು ಹೋದರು. ದೀರ್ಘ ಯಾನದ ಪ್ರತಿ ತಂಡದಲ್ಲೂ ಒಬ್ಬ ಡಾಕ್ಟರು, ಪೆಟ್ಟಿಗೆಯಲ್ಲಿ ವಾಪಸ್ ಬರುವವರೆಗೂ ಸಾಕಾಗುವಷ್ಟು ಔಷಧಿ. ಇದನ್ನು ನೌಕೆಯ ನಕ್ಷೆ ಬರೆಯುವಾಗಲೇ ಕೇಳಬೇಕು, ಆಮೇಲೆ ಜಾಗ ಸಿಗುವುದಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಆಗಿನಿಂದ ಕೈ ಎತ್ತಿದ್ದಾಳೆ. ಮೈಕ್ ಅವಳಿಗೆ ಕೊಡಿ. ಕೇಳಮ್ಮ.