ದೀಕ್ಷೆ ಬೇರೆ, ಅಧಿಕಾರ ಬೇರೆ: ಬ್ರಹ್ಮಾವರದಿಂದ ಎದ್ದ ಪ್ರಶ್ನೆ

ಉಡುಪಿಯಿಂದ ಕುಂದಾಪುರದ ಕಡೆ ಹೊರಟರೆ ಮೊದಲು ಕಲ್ಯಾಣಪುರ, ಸ್ವರ್ಣಾ ನದಿ ದಾಟಿದ ಮೇಲೆ ಬ್ರಹ್ಮಾವರ. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ ರೋಮ್‌ಗೆ ಸೇರಿದ್ದು; 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗಿನಿಂದ ಅದೇ ಕೆಥೆಡ್ರಲ್. ಬ್ರಹ್ಮಾವರದ ಸಂತ ಮೇರಿ ಕೆಥೆಡ್ರಲ್ ಆರ್ಥೊಡಾಕ್ಸ್, ಅಂದರೆ ಪೋಪರ ಆಳ್ವಿಕೆಗೆ ಸೇರದ್ದು. ಎರಡೂ ಕಡೆ ಮನೆಮಾತು ಕೊಂಕಣಿ. ಹಾಗಿದ್ದರೆ ಒಡೆದದ್ದು ಎಲ್ಲಿ? ತ್ರಿತ್ವದ ವಿಷಯದಲ್ಲಿ ಅಲ್ಲ, ಪರಮಪ್ರಸಾದದ ವಿಷಯದಲ್ಲೂ ಅಲ್ಲ. "ನಮ್ಮ ಬಿಷಪ್ ಯಾರು, ಅವರನ್ನು ನೇಮಿಸುವವರು ಯಾರು" ಎಂಬ ಒಂದೇ ಪ್ರಶ್ನೆಯಲ್ಲಿ.

ಪೋಪರು ಪೋರ್ಚುಗಲ್ ರಾಜನಿಗೆ ಒಂದು ಹಕ್ಕು ಕೊಟ್ಟಿದ್ದರು: ಪೂರ್ವದೇಶಗಳ ಇಗರ್ಜಿಗಳ ಖರ್ಚು ನೋಡಿಕೊ, ಬಿಷಪರ ಹೆಸರು ಸೂಚಿಸು. ಇದಕ್ಕೆ ಪದ್ರೊವಾದೊ ಎನ್ನುತ್ತಾರೆ. 1622ರಲ್ಲಿ ರೋಮ್ ತನ್ನದೇ ಆದ ಪ್ರೊಪಗಾಂಡಾ ಎಂಬ ಮಿಷನ್ ಇಲಾಖೆ ತೆರೆಯಿತು. ಅಲ್ಲಿಂದ ಮುಂದೆ ಒಂದೇ ನೆಲಕ್ಕೆ ಇಬ್ಬರು ಯಜಮಾನರು. ಕೆನರಾದಲ್ಲಿ ಕೆಲವು ಇಗರ್ಜಿಗಳು ಗೋವಾದ ಆರ್ಚ್‌ಬಿಷಪರ ಕೈಕೆಳಗೆ, ಉಳಿದವು ರೋಮ್ ನೇಮಿಸಿದವರ ಕೈಕೆಳಗೆ. 1886ರಲ್ಲಿ ಪೋಪ್ ಹದಿಮೂರನೇ ಲಿಯೊ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡರು. ಗೋವಾಕ್ಕೆ ಸೇರಿದ್ದ ಇಲ್ಲಿನ ಇಗರ್ಜಿಗಳು ಮಂಗಳೂರಿನ ಬಿಷಪರ ವಶಕ್ಕೆ ಹೋದವು. ಇಗರ್ಜಿ ಕಟ್ಟಿ ನಡೆಸಿದ ಜನರನ್ನು ಯಾರೂ ಕೇಳಲಿಲ್ಲ. ಒಡಕಿನ ಹೊಣೆಯಲ್ಲಿ ದೊಡ್ಡ ಪಾಲು ಈ ಕೇಳದೆ ಮಾಡಿದ ತೀರ್ಮಾನದ್ದು ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಒಪ್ಪದವರ ಮುಂದೆ ನಿಂತವರು ಇಬ್ಬರು. ಒಬ್ಬರು ಗೋವಾದ ವೆರ್ಣಾದ ಪಾದ್ರಿ ಆಂತೊನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್, ಇನ್ನೊಬ್ಬರು ಬ್ರಹ್ಮಾವರದ ರೋಕ್ ಜೆಫ್ರಿನ್ ನೊರೊನ್ಹಾ. ಆಲ್ವಾರಿಸರಿಗೆ ತಮ್ಮ ಮುಂದಿನ ಕಷ್ಟ ಗೊತ್ತಿತ್ತು. ಬಿಷಪ್ ಇಲ್ಲದೆ ಹೊಸ ಪಾದ್ರಿಗಳಿಲ್ಲ, ಪಾದ್ರಿಗಳಿಲ್ಲದೆ ಒಂದು ತಲೆಮಾರಿನಲ್ಲಿ ಸಮುದಾಯ ಮುಗಿಯುತ್ತದೆ. ಅವರು ಕೇರಳದ ಕೊಟ್ಟಾಯಂಗೆ, ರೋಮ್‌ಗೆ ಸೇರದ ಮಲಂಕರ ಎಂಬ ಸುರಿಯಾನಿ ಸಭೆಯವರ ಬಳಿಗೆ ಹೋದರು. 1889ರ ಜುಲೈ 28ರಂದು ಸುರಿಯಾನಿ ಆರ್ಥೊಡಾಕ್ಸ್ ಸಭೆಯ ಮುಖ್ಯಸ್ಥರಾದ ಅಂತಿಯೋಕ್ಯದ ಪಿತೃಪ್ರಧಾನರ ಅನುಮತಿಯ ಮೇಲೆ, ಪರುಮಲದ ಮಾರ್ ಗ್ರೆಗೊರಿಯೊಸ್ ಸೇರಿದಂತೆ ಮಲಂಕರದ ಬಿಷಪರು ಅವರ ತಲೆಯ ಮೇಲೆ ಕೈಯಿಟ್ಟು ಬಿಷಪ್ ದೀಕ್ಷೆ ಕೊಟ್ಟು, ಮಾರ್ ಜೂಲಿಯಸ್ ಎಂದು ಹೆಸರಿಟ್ಟರು.

ಈಗ ಕ್ಯಾಥೊಲಿಕ್ ಲೆಕ್ಕದಲ್ಲಿ ಇದನ್ನು ಹೇಗೆ ತೂಗುತ್ತಾರೆ ನೋಡಿ. ಮೊದಲ ಪ್ರಶ್ನೆ, ದೀಕ್ಷೆ ಸಿಂಧುವೇ? ಅದಕ್ಕೆ ಬೇಕಾದದ್ದು ಸ್ವಲ್ಪವೇ. ಕೈಯಿಡುವವರು ನಿಜವಾಗಿ ಬಿಷಪ್ ಆಗಿರಬೇಕು. ದೀಕ್ಷೆ ಪಡೆಯುವವರು ಜ್ಞಾನಸ್ನಾನ ಪಡೆದ ಪುರುಷ ಆಗಿರಬೇಕು. ಕೈಯಿಡಬೇಕು, ದೀಕ್ಷಾ ಪ್ರಾರ್ಥನೆಯ ಮುಖ್ಯ ಮಾತುಗಳನ್ನು ಹೇಳಬೇಕು, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶ ಇರಬೇಕು. ತಲೆಗೆ ಹಚ್ಚುವ ತೈಲ, ಉಂಗುರ, ಮೈಟರ್ ಎಂಬ ಕಿರೀಟ, ದಂಡ ಎಲ್ಲವೂ ವಿಧಿಯ ಭಾಗ, ಆದರೆ ದೀಕ್ಷೆ ನಿಂತಿರುವುದು ಅವುಗಳ ಮೇಲಲ್ಲ. ಪೋಪ್ ಹನ್ನೆರಡನೇ ಪಯಸ್ 1947ರಲ್ಲಿ ಇದನ್ನು ಖಚಿತಪಡಿಸಿದರು. ಮೂವರು ಬಿಷಪರು ಬೇಕು ಎಂಬ ನಿಯಮ 325ರ ನೈಸಿಯಾ ಮಹಾಸಭೆಯಷ್ಟು ಹಳೆಯದು, ಆದರೂ ಒಬ್ಬರೇ ಕೈಯಿಟ್ಟರೂ ದೀಕ್ಷೆ ಆಗುತ್ತದೆ. ಸಾಮಾನ್ಯವಾಗಿ ಎಡವುವುದು ಮಾತು ಮತ್ತು ಉದ್ದೇಶದಲ್ಲಿ. 1896ರಲ್ಲಿ ರೋಮ್ ಆಂಗ್ಲಿಕನ್ ದೀಕ್ಷೆಗಳನ್ನು ಅಸಿಂಧು ಎಂದದ್ದು ಈ ಎರಡೇ ಕಾರಣಕ್ಕೆ.

ಎರಡನೇ ಪ್ರಶ್ನೆ ಪೂರ್ತಿ ಬೇರೆ. ಆ ದೀಕ್ಷೆ ಕ್ರಮಬದ್ಧವೇ, ಆ ಬಿಷಪರಿಗೆ ಆಳಲು ಜನ, ಪ್ರದೇಶ, ಅಧಿಕಾರ ಇದೆಯೇ? ಕ್ಯಾಥೊಲಿಕ್ ಸಭೆಯ ಕಾನೂನಿನ (ಕ್ಯಾನನ್) 1013ನೇ ಕಲಮಿನ ಪ್ರಕಾರ ಪೋಪರ ಆದೇಶಪತ್ರ ಇಲ್ಲದೆ ಯಾರಿಗೂ ಬಿಷಪ್ ದೀಕ್ಷೆ ಕೊಡುವಂತಿಲ್ಲ. ಕೊಟ್ಟರೆ ಕೊಟ್ಟವರಿಗೂ ಪಡೆದವರಿಗೂ ತಾನಾಗಿಯೇ ಬಹಿಷ್ಕಾರ. ಆದರೂ ದೀಕ್ಷೆ ಅಳಿಯುವುದಿಲ್ಲ! ಸುರಿಯಾನಿ ಪರಂಪರೆಯ ದೀಕ್ಷೆಯನ್ನು ರೋಮ್ ಸಿಂಧು ಎಂದೇ ಒಪ್ಪುತ್ತದೆ. ಹಾಗಾಗಿ ರೋಮ್‌ನ ತರ್ಕದಲ್ಲೇ ಮಾರ್ ಜೂಲಿಯಸ್ ಬಿಷಪ್ ಹೌದು, ಕೆನರಾದ ಕ್ಯಾಥೊಲಿಕರ ಬಿಷಪ್ ಅಲ್ಲ. ಅವರ ಜನರಿಗಿದ್ದ ತಕರಾರು ಆಳ್ವಿಕೆಯದ್ದು. ಅದಕ್ಕೆ ಸಿಕ್ಕ ಪರಿಹಾರ ದೀಕ್ಷೆ. ಪಾದ್ರಿಗಳ ಕೊರತೆ ನೀಗಿತು, ತಕರಾರು ಹಾಗೆಯೇ ಉಳಿಯಿತು.

ಇದೇ ಮಾರ್ ಜೂಲಿಯಸ್ 1892ರ ಮೇ 29ರಂದು ಕೊಲಂಬೊದಲ್ಲಿ ರೆನೆ ವಿಲಾತ್ ಎಂಬುವರಿಗೆ ಬಿಷಪ್ ದೀಕ್ಷೆ ಕೊಟ್ಟರು. ವಿಲಾತ್ ಪ್ಯಾರಿಸ್‌ನಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಲ್ಜಿಯಂ ವಲಸಿಗರ ನಡುವೆ ಕೆಲಸ ಮಾಡುತ್ತಿದ್ದವರು. ಅವರು ಮುಂದೆ ಹಲವರಿಗೆ ಕೈಯಿಟ್ಟರು, ಆ ಹಲವರು ಇನ್ನೂ ಹಲವರಿಗೆ. 1938ರಲ್ಲಿ ಅಂತಿಯೋಕ್ಯದ ಪಿತೃಪ್ರಧಾನರ ಕಚೇರಿಯೇ ಈ ಗುಂಪುಗಳು ನಮ್ಮವಲ್ಲ ಎಂದು ಸಾರಬೇಕಾಯಿತು. ವಿಲಾತ್ 1925ರಲ್ಲಿ ಕ್ಯಾಥೊಲಿಕ್ ಸಭೆಗೆ ಮರಳಿ, ಮುಂದೆ ವರ್ಸೈಲ್ಸ್‌ನ ಮಠವೊಂದರಲ್ಲಿ ತೀರಿಕೊಂಡರು. ಈ ಇಬ್ಬರನ್ನು ಒಂದೇ ತಕ್ಕಡಿಯಲ್ಲಿ ಇಡಬಾರದು. ಆಲ್ವಾರಿಸರ ಹಿಂದೆ ಬಿಷಪ್ ಬೇಕೆಂದು ಕೇಳಿದ ಊರುಗಳಿದ್ದವು. ವಿಲಾತ್ ಸಾಲಿನ ಎಷ್ಟೋ ಬಿಷಪರ ಹಿಂದೆ ಇದ್ದದ್ದು ಯಾರಿಂದ ಯಾರಿಗೆ ಎಂಬ ವಂಶಾವಳಿ ಮಾತ್ರ.

ಆ ವಂಶಾವಳಿಯನ್ನೇ ಪ್ರಮಾಣವಾಗಿ ಹಿಡಿಯುವವರಿಗೆ ಒಂದು ಮಾತು. ಇಂದಿನ ಕ್ಯಾಥೊಲಿಕ್ ಬಿಷಪರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯ ದೀಕ್ಷೆಯ ಸಾಲು 1541ರಲ್ಲಿ ಬಿಷಪ್ ಆದ ಶಿಪಿಯೋನೆ ರೆಬೀಬಾ ಅವರಲ್ಲಿಗೆ ಹೋಗಿ ನಿಲ್ಲುತ್ತದೆ. ಅವರಿಗೆ ಕೈಯಿಟ್ಟವರು ಯಾರು ಎಂಬ ದಾಖಲೆ ಸಿಕ್ಕಿಲ್ಲ. ಯೇಸುವಿನ ಪ್ರೇಷಿತರಿಂದ ಬಿಷಪರಿಗೆ ಇಳಿದು ಬಂದ ಪ್ರೇಷಿತ ಪರಂಪರೆ ಬರೀ ಕಾಗದದ ಸರಪಳಿಯಾಗಿದ್ದರೆ ಪೋಪರದ್ದೂ ಅಲ್ಲಿಗೇ ತುಂಡಾಗಬೇಕಿತ್ತು. ಅದು ಬಿಷಪರ ಇಡೀ ಬಳಗ ಪರಸ್ಪರ ಗುರುತಿಸಿಕೊಂಡು, ಪೇತ್ರನ ಪೀಠದೊಂದಿಗೆ, ಅಂದರೆ ಪೋಪರೊಂದಿಗೆ, ಒಟ್ಟಾಗಿ ನಡೆಯುವ ವಿಷಯ.

ಈ ವ್ಯತ್ಯಾಸದ ಬಿಸಿ ಸಾಮಾನ್ಯರಿಗೆ ತಟ್ಟುವುದು ಎಲ್ಲಿ? 1988ರ ಜೂನ್ 30ರಂದು ಸ್ವಿಟ್ಜರ್‌ಲೆಂಡಿನ ಎಕೋನ್‌ನಲ್ಲಿ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಪೋಪರ ಆದೇಶ ಇಲ್ಲದೆ ನಾಲ್ವರಿಗೆ ಬಿಷಪ್ ದೀಕ್ಷೆ ಕೊಟ್ಟರು. ಅವರು ಕಟ್ಟಿದ ಸಂತ ಹತ್ತನೇ ಪಯಸ್ ಸಂಘದ ಪಾದ್ರಿಗಳು ಅರ್ಪಿಸುವ ಬಲಿಪೂಜೆ ಸಿಂಧು. ಆದರೆ ಪಾಪನಿವೇದನೆ ಕೇಳಿ ಕ್ಷಮೆ ಕೊಡಲು, ಮದುವೆ ನಡೆಸಲು ದೀಕ್ಷೆ ಸಾಲದು, ಅಧಿಕಾರವೂ ಬೇಕು. ತುರ್ತು ಪರಿಸ್ಥಿತಿಯಲ್ಲಿ ಧರ್ಮಸಭೆಯೇ ಅದನ್ನು ಒದಗಿಸುತ್ತದೆ ಎಂಬುದು ಸಂಘದ ವಾದ, ರೋಮ್ ಒಪ್ಪಲಿಲ್ಲ. ಕೊನೆಗೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಪಾಪನಿವೇದನೆಗೆ ಅಧಿಕಾರ ಕೊಟ್ಟು, ಮರುವರ್ಷ ಮುಂದುವರಿಸಿ, 2017ರಲ್ಲಿ ಮದುವೆಗೂ ದಾರಿ ಮಾಡಿದರು. ಅಧಿಕಾರದ ಜಗಳ ತೀರುವವರೆಗೆ ಜನರ ಆತ್ಮವನ್ನು ಕಾಯಿಸಬಾರದು ಎಂಬ ಈ ನಡೆ ಸರಿಯಾದದ್ದು. 1886ರ ಕೆನರಾಕ್ಕೆ ಬೇಕಿದ್ದದ್ದೂ ಇದೇ.

ಬ್ರಹ್ಮಾವರದವರಿಗೆ ಕ್ಯಾಥೊಲಿಕ್ ಕಾನೂನಿನಲ್ಲಿ ಬಾಗಿಲು ಈಗಲೂ ತೆರೆದಿದೆ. ಬ್ರಹ್ಮಾವರದ್ದರಂಥ ಪೌರಸ್ತ್ಯ ಸಭೆಯ ಸದಸ್ಯರು ತಾವಾಗಿ ಕೇಳಿದರೆ, ಸಿದ್ಧತೆಯಿದ್ದರೆ, ಕ್ಯಾಥೊಲಿಕ್ ಪಾದ್ರಿ ಅವರಿಗೆ ಪಾಪಕ್ಷಮೆ, ಪರಮಪ್ರಸಾದ, ರೋಗಿಗಳಿಗೆ ತೈಲ ಹಚ್ಚುವ ಸಂಸ್ಕಾರ ಕೊಡಬಹುದು. ಕ್ಯಾನನ್ 844, ಮೂರನೇ ಪರಿಚ್ಛೇದ. ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ನಿಂತ ಮನೆಯವರಿಗೆ ಇದು ಗೊತ್ತಿರಬೇಕು. ಎರಡೂ ಕಡೆಯ ಪಾದ್ರಿಗಳು ಇದನ್ನು ಭಾನುವಾರದ ಪ್ರಸಂಗದಲ್ಲಿ ಹೆಸರು ಹಿಡಿದು ಹೇಳಲಿ ಎಂಬುದು ನನ್ನ ಒತ್ತಾಯ.