ಪರದೇಶದ ಮನೆಯಲ್ಲಿ ಹದಿನಾರರ ಮನಸ್ಸು

ಮಾನ್ಯ ಅಧ್ಯಕ್ಷರೇ, ಶಿಕ್ಷಕ ಬಂಧುಗಳೇ, ಪಾಲಕರೇ ಹಾಗೂ ವಿದ್ಯಾರ್ಥಿ ಮಿತ್ರರೇ,

ಹರೆಯದ ಮಕ್ಕಳು ಪರದೇಶದ ಮನೆಯೊಂದರಲ್ಲಿದ್ದು ಅಲ್ಲಿಯ ಶಾಲೆಯಲ್ಲಿ ಓದಿಬರುವ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳ ಬಗ್ಗೆ ಬೆಳಗಾವಿಯಲ್ಲಿ ಸಭೆ ಸೇರಿದಾಗ ಪಾಲಕರ ಸಾಲಿನಿಂದ ಏಳುವ ಪ್ರಶ್ನೆಗಳು ವೀಸಾ, ಖರ್ಚು ಮತ್ತು ಪಿಯುಸಿಯ ಒಂದು ವರ್ಷ ಹಾಳಾಗುವುದರ ಸುತ್ತಲೇ ಇರುತ್ತವೆ. ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಮಾತ್ರ ಚಹಾದ ಹೊತ್ತಿಗೆ ಬದಿಗೆ ಕರೆದು ಕೇಳುತ್ತಾರೆ: "ಹುಡುಗಿ ಅಲ್ಲಿ ಯಾರನ್ನಾದರೂ ಹಚ್ಚಿಕೊಂಡರೆ ಏನು ಗತಿ?" ಹುಡುಗನನ್ನು ಕಳಿಸುವವರು ಇದನ್ನು ಅಷ್ಟಾಗಿ ಕೇಳುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂದು ನಾನು ಆ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತೇನೆ. ಯಾರನ್ನೂ ಹಚ್ಚಿಕೊಳ್ಳದ ಮಗು ಆ ನಾಡಿನಿಂದ ಇಂಗ್ಲಿಷನ್ನೋ ಜರ್ಮನ್ ಭಾಷೆಯನ್ನೋ ಕಲಿತು ಬಂದೀತು, ಆದರೆ ಅಲ್ಲಿಯ ಬದುಕನ್ನು ಕಲಿತು ಬರಲಾರದು ಎಂಬುದು ನನ್ನ ಅಭಿಪ್ರಾಯ.

ಈ ಕಾರ್ಯಕ್ರಮಗಳ ಹುಟ್ಟನ್ನು ಸ್ವಲ್ಪ ನೋಡೋಣ. ಎಎಫ್‌ಎಸ್ (ಅಮೆರಿಕನ್ ಫೀಲ್ಡ್ ಸರ್ವಿಸ್) ಎಂದು ಇಂದು ಕರೆಯಲಾಗುವ ಸಂಸ್ಥೆ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಯಿಂದ ಗಾಯಾಳುಗಳನ್ನು ಸಾಗಿಸುತ್ತಿದ್ದ ಅಮೆರಿಕದ ಆಂಬುಲೆನ್ಸ್ ಸ್ವಯಂಸೇವಕರ ಸಂಘವಾಗಿತ್ತು. ಎರಡನೆಯ ಮಹಾಯುದ್ಧದಲ್ಲಿಯೂ ಅದೇ ಕೆಲಸ ಮಾಡಿ, ಹೆಣ ಮತ್ತು ಗಾಯಗಳನ್ನು ಸಾಕುಸಾಕೆನಿಸುವಷ್ಟು ಕಂಡ ಆ ಚಾಲಕರು 1947ರಿಂದ ಹದಿಹರೆಯದ ಮಕ್ಕಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳಿಸುವ ಕೆಲಸಕ್ಕೆ ಕೈಹಾಕಿದರು. ರೋಟರಿಯ ಯುವ ವಿನಿಮಯವೂ ಹದಿನೈದರಿಂದ ಹತ್ತೊಂಬತ್ತರ ವಯಸ್ಸಿನವರಿಗಾಗಿ ಇದೆ. 2002ರಲ್ಲಿ ಅಮೆರಿಕ ಸರಕಾರ ಆರಂಭಿಸಿದ ಯೆಸ್ ಎಂಬ ವಿನಿಮಯ ಕಾರ್ಯಕ್ರಮದಲ್ಲಿ ಭಾರತದ ಮಕ್ಕಳೂ ಪಾಲ್ಗೊಂಡಿದ್ದಾರೆ. ಇವೆಲ್ಲವುಗಳಲ್ಲಿ ಮಗು ಸಾಮಾನ್ಯವಾಗಿ ವಸತಿನಿಲಯದ ಬದಲು ಒಂದು ಕುಟುಂಬದೊಳಗೆ ಇರುತ್ತದೆ ಎಂಬುದೇ ಮುಖ್ಯ ಸಂಗತಿ. ಅಮೆರಿಕದಲ್ಲಂತೂ ಪ್ರೌಢಶಾಲಾ ವಿನಿಮಯದ ಮಕ್ಕಳನ್ನು ಇಟ್ಟುಕೊಳ್ಳುವ ಮನೆಯವರಿಗೆ ಹಣ ಕೊಡುವಂತಿಲ್ಲ ಎಂಬ ನಿಯಮವೇ ಇದೆ. ದುಡ್ಡಿಲ್ಲದೆ ಒಬ್ಬ ಪರಕೀಯ ಮಗುವಿಗೆ ಒಂದು ವರ್ಷ ಅನ್ನ ಹಾಕುವವರು ಅದರಿಂದ ಏನನ್ನು ನಿರೀಕ್ಷಿಸಿಯಾರು? ಅದು ಕೋಣೆಯ ಬಾಗಿಲು ಹಾಕಿಕೊಳ್ಳದೆ ಹೊರಗೆ ಬಂದು ತಮ್ಮ ಜೊತೆ ಕುಳಿತುಕೊಳ್ಳಲಿ ಎಂದಷ್ಟೇ.

ಪರರ ಮನೆಗೆ ಹೊಂದಿಕೊಳ್ಳುವುದೆಂದರೆ ಏನೆಂಬುದನ್ನು ನಮ್ಮ ಕಡೆಯ ಅಜ್ಜಿಯರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಬಾಗಲಕೋಟೆಯ ಸೀಮೆಯಿಂದ ಖಾನಾಪುರದ ಕಡೆಗೋ, ಇಂಡಿಯಿಂದ ಗೋಕಾಕಿನ ಕಡೆಗೋ ಹದಿನೈದರ ವಯಸ್ಸಿನಲ್ಲಿ ಮದುವೆಯಾಗಿ ಹೋದ ಹುಡುಗಿ ಗುರುತಿಲ್ಲದವರನ್ನು ಅತ್ತಿ, ಮಾವ ಎಂದು ಕರೆಯಬೇಕಿತ್ತು. ತವರಿನಲ್ಲಿ ಬಡಿದ ರೊಟ್ಟಿ ಇಲ್ಲಿ ದಪ್ಪ ಎನಿಸಿಕೊಳ್ಳುತ್ತಿತ್ತು. ಜೋಳದ ನಾಡಿನಿಂದ ಅನ್ನದ ನಾಡಿಗೆ ಹೋದವಳಿಗೆ ಹೊಟ್ಟೆ ತುಂಬಿದರೂ ಉಂಡಂತೆ ಅನಿಸುತ್ತಿರಲಿಲ್ಲ. ಮರಾಠಿ ಆಡುವ ಓಣಿಯಲ್ಲಿ ಕನ್ನಡದ ಸೊಸೆ ಮೊದಲ ವರ್ಷ ಮೂಕಿಯಂತೆ ಇದ್ದು, ಎರಡನೆಯ ವರ್ಷಕ್ಕೆ ಆ ಮಾತಿನಲ್ಲಿಯೇ ಜಗಳ ಆಡುವಷ್ಟು ಪಳಗಿದ ಉದಾಹರಣೆಗಳು ಬೆಳಗಾವಿಯಲ್ಲಿ ಗಲ್ಲಿಗೆ ಹತ್ತು ಸಿಕ್ಕಾವು. ಆ ಕಾಲವನ್ನು ನಾನು ಹೊಗಳುತ್ತಿಲ್ಲ. ಆ ಹುಡುಗಿಯನ್ನು ಯಾರೂ ಕೇಳಿರಲಿಲ್ಲ, ಮರಳಿ ಬರುವ ಟಿಕೇಟೂ ಅವಳ ಕೈಯಲ್ಲಿರಲಿಲ್ಲ, ಇಂದು ಅಂಥ ಮದುವೆ ಕಾನೂನಿಗೆ ವಿರುದ್ಧ. ಆದರೂ ಮೊಮ್ಮಗಳು ಜರ್ಮನಿಗೆ ಹೊರಟಾಗ ಎಂಜಿನಿಯರ್ ತಂದೆಗಿಂತ ಅಜ್ಜಿಯೇ ಉಪಯುಕ್ತ ಮಾತು ಹೇಳುತ್ತಾಳೆ: ಆ ಮನೆಯ ಅಡಿಗೆಮನೆಯಲ್ಲಿ ನಿಂತುಕೋ, ಕೆಲಸ ಕೇಳು, ಒಲ್ಲದ್ದನ್ನು ಒಲ್ಲೆ ಎನ್ನು, ಅತ್ತರೆ ಒಬ್ಬರ ಮುಂದಾದರೂ ಅಳು.

ಹೊಸ ನಾಡಿನಲ್ಲಿ ಹುಟ್ಟುವ ಈ ತಳಮಳಕ್ಕೆ ವಿದ್ವಾಂಸರು ಸಾಂಸ್ಕೃತಿಕ ಆಘಾತ ಎಂಬ ಹೆಸರು ಕೊಟ್ಟಿದ್ದಾರೆ. ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1954ರಲ್ಲಿ ರಿಯೊ ಡಿ ಜನೈರೊದ ಮಹಿಳಾ ಕ್ಲಬ್ಬೊಂದರಲ್ಲಿ ಮಾಡಿದ ಭಾಷಣದಿಂದ ಈ ವಿಚಾರ ಹರಡಿತು. ಮೊದಲು ಎಲ್ಲವೂ ಸೊಗಸಾಗಿ ಕಾಣುವ ಮಧುಚಂದ್ರದ ಹಂತ, ನಂತರ ಆ ನಾಡಿನ ಮೇಲೆಯೇ ಸಿಟ್ಟು, ನಿಧಾನವಾಗಿ ಚೇತರಿಕೆ, ಕೊನೆಗೆ ಹೊಂದಿಕೆ ಎಂದು ಅವರು ವಿವರಿಸಿದರು. 1955ರಲ್ಲಿ ನಾರ್ವೆಯ ಸ್ವೆರೆ ಲಿಸ್‌ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞರು ಫುಲ್‌ಬ್ರೈಟ್ ಎಂಬ ಅಮೆರಿಕ ಸರಕಾರದ ವಿದ್ಯಾರ್ಥಿವೇತನದ ಮೇಲೆ ಅಮೆರಿಕಕ್ಕೆ ಹೋಗಿಬಂದ ತಮ್ಮ ದೇಶದವರನ್ನು ವಿಚಾರಿಸಿ, ಆರು ತಿಂಗಳಿನೊಳಗೆ ಮರಳಿದವರೂ ಹದಿನೆಂಟು ತಿಂಗಳು ಮೀರಿ ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರೆಂದೂ, ನಡುವಿನ ಅವಧಿಯವರೇ ಹೆಚ್ಚು ಕಷ್ಟಪಟ್ಟರೆಂದೂ ಬರೆದರು. ಅವರೆಲ್ಲ ವಯಸ್ಕರು, ಮತ್ತು ಈ ಏರಿಳಿತದ ನಕ್ಷೆ ಎಲ್ಲರಿಗೂ ಒಪ್ಪುವುದಿಲ್ಲವೆಂದು ನಂತರದ ಸಂಶೋಧಕರು ಆಕ್ಷೇಪಿಸಿದ್ದಾರೆ. ಆದರೂ ಒಂದು ಶಾಲಾ ವರ್ಷ, ಅಂದರೆ ಸುಮಾರು ಹತ್ತು ತಿಂಗಳು, ಸರಿಯಾಗಿ ಆ ನಡುವಿನ ಇಳಿಜಾರಿನಲ್ಲಿಯೇ ಬೀಳುತ್ತದೆ ಎಂಬುದನ್ನು ಪಾಲಕರು ಗಮನಿಸಬೇಕು. ಸಂಜೆ ನಾಲ್ಕೂವರೆಯ ಸುಮಾರಿಗೇ ಸೂರ್ಯ ಮುಳುಗುವ ಡಿಸೆಂಬರಿನ ಜರ್ಮನಿಯಲ್ಲಿ, ರಾತ್ರಿಯೂಟವೆಂದರೆ ತಣ್ಣನೆಯ ಬ್ರೆಡ್ಡು ಮತ್ತು ಚೀಸು ಎನ್ನುವ ಮನೆಯಲ್ಲಿ, ಶೇಂಗಾ ಚಟ್ನಿಯ ಡಬ್ಬಿ ತಳ ಕಂಡಿರುವಾಗ, ತನ್ನ ಹರುಕು ಭಾಷೆಯನ್ನು ನಗದೆ ಕೇಳುವ ಸಹಪಾಠಿಯೊಬ್ಬ ಸಿಕ್ಕರೆ ಮನಸ್ಸು ಅತ್ತ ವಾಲುವುದು ಸಹಜ. ಅದು ನಡತೆಗೇಡಿತನದ ಲಕ್ಷಣವಾಗುವುದಿಲ್ಲ.

ಹೀಗೆ ವಾಲಿದ ಮನಸ್ಸು ಅಲ್ಲಿಯ ರೀತಿನೀತಿಯನ್ನು ಪುಸ್ತಕಕ್ಕಿಂತ ಬೇಗ ಕಲಿಯುತ್ತದೆ, ಏಕೆಂದರೆ ಪ್ರೀತಿಯನ್ನು ತೋರಿಸುವ ಪದ್ಧತಿ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಜಪಾನಿನಲ್ಲಿ ಫೆಬ್ರುವರಿ 14ರಂದು ಹುಡುಗಿಯರು ಹುಡುಗರಿಗೆ ಚಾಕೊಲೇಟ್ ಕೊಡುತ್ತಾರೆ, ಹುಡುಗರು ಅದನ್ನು ಮಾರ್ಚ್ 14ರಂದು ತೀರಿಸುತ್ತಾರೆ. ಅಲ್ಲಿ ಒಬ್ಬರು ಇನ್ನೊಬ್ಬರೆದುರು ನಿಂತು "ನೀನು ನನಗೆ ಇಷ್ಟ, ನನ್ನ ಜೊತೆಗಾರ್ತಿ ಆಗುತ್ತೀಯಾ" ಎಂದು ಕೇಳಿ, ಒಪ್ಪಿಗೆ ಸಿಕ್ಕ ಮೇಲೆಯೇ ಸಂಬಂಧ ಆರಂಭವಾಯಿತೆಂದು ಲೆಕ್ಕ. ಅಮೆರಿಕದ ಹುಡುಗ ಪ್ರಾಮ್ ಎಂಬ ಶಾಲಾ ನೃತ್ಯಕೂಟಕ್ಕೆ ಕರೆಯಲು ಇಡೀ ತರಗತಿ ನೋಡುವಂತೆ ಪೋಸ್ಟರ್ ಹಿಡಿದು ನಿಂತಾನು, ಆದರೆ ಆ ಕರೆ ಒಂದು ಸಂಜೆಯದ್ದೇ ಇರಬಹುದು. ಅಪ್ಪಿಕೊಂಡು ಸ್ವಾಗತಿಸುವುದು ಅನೇಕ ಕಡೆ ನಮ್ಮ ನಮಸ್ಕಾರದಷ್ಟೇ ಸಾಮಾನ್ಯ. ಇದು ತಿಳಿಯದ ಮುಧೋಳದ ಹುಡುಗ ಒಂದು ಅಪ್ಪುಗೆಯಿಂದ ಇಡೀ ಸಂಸಾರವನ್ನೇ ಕಲ್ಪಿಸಿಕೊಂಡಾನು. ನಮ್ಮ ಹುಡುಗಿಯರ ತೊಡಕು ಇನ್ನೊಂದು ಬಗೆಯದು. ಬೇಡವೆಂಬುದನ್ನು ತಲೆ ತಗ್ಗಿಸಿ, ಸುಮ್ಮನಿದ್ದು ತಿಳಿಸುವುದನ್ನು ನಾವು ಅವರಿಗೆ ಕಲಿಸಿದ್ದೇವೆ. ಆ ಮೌನವನ್ನು ಓದಲು ಬಾರದವರ ನಡುವೆ ಅದು ಅಪಾಯಕರ. ಹೊರಡುವ ಮೊದಲು ನಾಲ್ಕು ವಾಕ್ಯ ಹೆಚ್ಚು ಭಾಷೆ ಕಲಿಯದಿದ್ದರೂ ಅಡ್ಡಿಯಿಲ್ಲ, "ಬೇಡ" ಎಂಬುದನ್ನು ಗಟ್ಟಿಯಾಗಿ, ಎರಡು ಸಲ ಹೇಳಲು ಕಲಿತಿರಬೇಕು.

ನಮ್ಮಲ್ಲಿ ಇಂಥದ್ದೇನೂ ಇರಲೇ ಇಲ್ಲವೆಂದು ಯಾರೂ ಹೇಳಬೇಡಿ. ಸೋದರಮಾವನ ಮಗಳನ್ನು ಅತ್ತಿಯ ಮಗ ಜಾತ್ರೆಯಲ್ಲಿ ಕಾಡಿಸುವುದು, ಪಂಚಮಿಯ ಜೋಕಾಲಿಯನ್ನು ಬೇಕೆಂದೇ ಜೋರಾಗಿ ಜೀಕುವುದು, ಹಿರಿಯರು ಅದನ್ನು ಕಂಡೂ ಕಾಣದಂತೆ ನಗುವುದು, ಇವೆಲ್ಲ ಹರೆಯದ ಒಲವಿಗೆ ನಮ್ಮ ಸಮಾಜ ಕೊಟ್ಟ ಅನುಮತಿಯೇ. ನಮ್ಮ ಅನುಮತಿ ನಂಟಿನೊಳಗೆ, ಅವರದ್ದು ನಂಟಿನ ಹೊರಗೆ. ಸೋದರಮಾವನನ್ನೇ ಮದುವೆಯಾಗುವ ರೂಢಿಯನ್ನು ಕೇಳಿ ಇಲ್ಲಿಗೆ ಬಂದ ವಿದೇಶಿ ವಿದ್ಯಾರ್ಥಿಗಳು ಗಾಬರಿಯಾಗುವುದುಂಟು. ನಾವು ಅವರ ಪ್ರಾಮ್ ಕಂಡು ಬೆಚ್ಚುವುದಕ್ಕೂ ಅದಕ್ಕೂ ಸಾಟಿಯಾಯಿತು.

ಇನ್ನು ನಿಷೇಧದ ಮಾತು. ರೋಟರಿಯ ವಿನಿಮಯದಲ್ಲಿ ನಾಲ್ಕು 'ಡಿ'ಗಳೆಂದು ಹೆಸರಾದ ನಿಯಮಗಳಿವೆ: ಕುಡಿತ, ಮಾದಕ ವಸ್ತು, ವಾಹನ ಚಾಲನೆ ಮತ್ತು ಡೇಟಿಂಗ್ ಕೂಡದು. ಮೊದಲ ಮೂರನ್ನು ನಾನು ಚರ್ಚೆಯಿಲ್ಲದೆ ಒಪ್ಪುತ್ತೇನೆ. ನಾಲ್ಕನೆಯದಕ್ಕೂ ಕಾರಣವಿದೆ: ಒಬ್ಬರನ್ನೇ ಅಂಟಿಕೊಂಡ ಮಗು ಉಳಿದವರಿಂದ ದೂರವಾಗುತ್ತದೆ, ಮತ್ತು ಏನಾದರೂ ಅನಾಹುತವಾದರೆ ಹೊಣೆ ಸಂಸ್ಥೆಯದ್ದಾಗುತ್ತದೆ. ಆದರೆ ಓಡಾಟವನ್ನು ನಿಯಮದಿಂದ ತಡೆಯಬಹುದು, ಮನಸ್ಸನ್ನು ತಡೆಯಲಾಗುವುದಿಲ್ಲ. ಇದೇ ನಿಷೇಧವನ್ನು ಮನೆಯವರೂ ಬೆದರಿಕೆಯ ದನಿಯಲ್ಲಿ ಹೇಳಿ ಕಳಿಸಿದರೆ, ತೊಂದರೆಯಾದ ದಿನ ಮಗು ಫೋನಿನಲ್ಲಿ ಅವ್ವನಿಗೆ "ಎಲ್ಲಾ ಆರಾಮ" ಎಂದೇ ಹೇಳುತ್ತದೆ. ಅದಕ್ಕಿಂತ ಕಾನೂನನ್ನು ಬಿಚ್ಚಿ ಹೇಳುವುದು ಮೇಲು. ನಮ್ಮಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೋ ಕಾಯ್ದೆಯ ಕಣ್ಣಿನಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳು, ಅಮೆರಿಕದಲ್ಲಿ ಸಮ್ಮತಿಯ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ, ಅಪ್ರಾಪ್ತ ವಯಸ್ಕರ ಅಶ್ಲೀಲ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳುವುದೇ ಎರಡೂ ದೇಶಗಳಲ್ಲಿ ಗಂಭೀರ ಅಪರಾಧ. ಅಮೆರಿಕದ ನಿಯಮದಂತೆ ವಿನಿಮಯ ಸಂಸ್ಥೆಯ ಸ್ಥಳೀಯ ಪ್ರತಿನಿಧಿ ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯನ್ನು ಸಂಪರ್ಕಿಸಲೇಬೇಕು. ಆ ಪ್ರತಿನಿಧಿಯ ನಂಬರು ಮಗುವಿನ ಬಳಿ ಇರುವಂತೆ ನಿಮ್ಮ ಬಳಿಯೂ ಇರಲಿ.

ಕೊನೆಯದಾಗಿ ಮರಳಿ ಬರುವ ಮಕ್ಕಳ ವಿಷಯ. ಊರಿಗೆ ಮರಳಿದ ಮೇಲೆ ಎರಡನೆಯ ಕುಸಿತವೊಂದು ಬರುತ್ತದೆಂದು ಗುಲ್ಲಹಾರ್ನ್ ಎಂಬ ಸಂಶೋಧಕ ದಂಪತಿಗಳು 1963ರಲ್ಲಿಯೇ ಬರೆದಿದ್ದಾರೆ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಹಾರ ಹಾಕಿ ಕರೆತಂದ ಮಗು ಎರಡು ವಾರದಲ್ಲಿ ಮಂಕಾದರೆ ನಾವು ದೃಷ್ಟಿ ತಾಗಿತೆನ್ನುತ್ತೇವೆ, ಇಲ್ಲವೇ ಸಿಇಟಿ ಕ್ಲಾಸಿಗೆ ಹಾಕಿಬಿಡುತ್ತೇವೆ. ಅದು ಅಲ್ಲಿ ಒಬ್ಬ ತಾಯಿಯನ್ನು, ತಮ್ಮನನ್ನು, ಬಹುಶಃ ಒಬ್ಬ ಗೆಳೆಯನನ್ನೂ ಬಿಟ್ಟು ಬಂದಿರುತ್ತದೆ. ಹದಿನೇಳರ ಒಲವು ಸಮುದ್ರದಾಚೆ ಬಹುಕಾಲ ಬಾಳುವುದು ಕಡಿಮೆ, ಅದು ಮಗುವಿಗೂ ಗೊತ್ತು. ಅದನ್ನು ಮುಗಿಸಿಕೊಳ್ಳಲು ಅದಕ್ಕೇ ಸಮಯ ಕೊಡಿ, ಫೋನು ಕಸಿಯಬೇಡಿ. ಅಲ್ಲಿಯ ಮನೆಯವರು ಒಮ್ಮೆ ನಿಮ್ಮಲ್ಲಿಗೆ ಬರುತ್ತೇವೆ ಎಂದರೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಬರಹೇಳಿ. ಹೊಲದಲ್ಲಿ ಚರಗ ಚೆಲ್ಲುವಾಗ ಜೊತೆಗಿರಲಿ, ಸಜ್ಜಿರೊಟ್ಟಿ ಮತ್ತು ಶೇಂಗಾ ಹೋಳಿಗೆ ಉಣ್ಣಲಿ. ಅವರ ಸಂಗಡ ಆ ಗೆಳೆಯನೂ ಬಂದನೆನ್ನಿ, ಅವನಿಗೂ ಒಂದು ತಾಟು ಹಚ್ಚಿ.